ಹಕ್ಕಲು ಕಡಲೆಕಾಯಿ

ಚಾಮರಾಜಪೇಟೆ, ಬೆಂಗಳೂರು
೧೯ ಡಿಸೆಂಬರ್ ೧೯೮೧, ಶನಿವಾರ

ಮುದ್ದಿನ ಮಗಳು ಗೌತಮಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದು ನಿನ್ನ ಎರಡು ಕಾಗದಗಳಿಂದ ತಿಳಿಯಿತು. ಹೌದು ತಾಯಿ, ಎರಡೂ ಬಂದವು. ಮೊದಲನೆಯದು ಬಂದು ಹದಿನೈದು ದಿನವೇ ಆಯಿತು. "ಆಫೀಸಿನಲ್ಲಿ ದಿನಕ್ಕೆ ನಲವತ್ತು ಕಾಗದ ಟೈಪ್ ಮಾಡ್ತೀಯ, ಮಗಳಿಗೆ ಒಂದು ಬರೆಯೋಕೆ ಕೈನೋವಾ?" ಎಂದು ಕೇಳಿದ್ದೀಯಲ್ಲ, ಬೈದುಕೋ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಮೂರು ಸಲ ಬರೆದು ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಇದು ನಾಲ್ಕನೆಯದು. ಇದನ್ನು ಮುಗಿಸಿದ ತಕ್ಷಣ ನಿಮ್ಮಪ್ಪನ ಕೈಗೆ ಕೊಟ್ಟು ಅಂಚೆ ಡಬ್ಬಿಗೆ ಹಾಕಿಸಿಬಿಡುತ್ತೇನೆ, ನನ್ನ ಕೈಯಲ್ಲಿದ್ದರೆ ಇದಕ್ಕೂ ಅದೇ ಗತಿ.

ನಿಮ್ಮಪ್ಪನ ಸಮಾಚಾರ ಕೇಳಬೇಡ. ಧನುರ್ಮಾಸ ಬಂತು, ಮದುವೆಗಳಿಲ್ಲ, ಸುಲ್ತಾನ್‌ಪೇಟೆಯ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ಕೆಲಸ ನಿಂತಿದೆ. ಹಾಗಾಗಿ ಯಜಮಾನರು ಮಧ್ಯಾಹ್ನಕ್ಕೇ ಮನೆಗೆ ಬಂದು, ಅಚ್ಚುಮೊಳೆಯಲ್ಲಿ ತಪ್ಪು ಹುಡುಕುವ ಕಣ್ಣಿನಿಂದ ನನ್ನ ಸಾರಿನಲ್ಲಿ ತಪ್ಪು ಹುಡುಕುತ್ತಿದ್ದಾರೆ. ನಿನ್ನೆ ಉಪ್ಪು ಜಾಸ್ತಿಯಂತೆ, ಮೊನ್ನೆ ಹುಳಿ ಕಡಿಮೆಯಂತೆ. ಸಂಕ್ರಾಂತಿ ಕಳೆದರೆ ನನಗೆ ಬಿಡುಗಡೆ.

ಈಗ ವಿಷಯಕ್ಕೆ ಬರುತ್ತೇನೆ. ಪೇಪರಿನಲ್ಲಿ ಬಂದ ಫೋಟೋವನ್ನು ನಿಮ್ಮ ವಾರ್ಡನ್ ಕತ್ತರಿಸಿ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ, ಹುಡುಗಿಯರೆಲ್ಲ "ಚೀಲ ಹಿಡ್ಕೊಂಡಿರೋರು ನಿಮ್ಮ ಅಮ್ಮನಾ?" ಎಂದು ಕೇಳುತ್ತಾರೆ, ನಿನಗೆ ಹೆಮ್ಮೆಯೋ ಹೆಮ್ಮೆ ಎಂದು ಬರೆದಿದ್ದೀಯ. ಅದನ್ನು ಓದಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನೀನು ಹೆಮ್ಮೆಪಡುವಂಥದ್ದು ಅಲ್ಲಿ ಏನೂ ನಡೆಯಲಿಲ್ಲ. ನಡೆದದ್ದನ್ನು ಹೇಳುತ್ತೇನೆ, ಆಮೇಲೆ ಆ ಫೋಟೋ ಇರಬೇಕೋ ಬೇಡವೋ ನೀನೇ ನೋಡು.

ಗಿರಿಜಾಂಬಾನವರ ಮಹಿಳಾ ಸಮಾಜಕ್ಕೆ ನಾನು ಸೇರಿದ್ದು ನಿನಗೆ ಗೊತ್ತು. ಮೊದಲು ಮನೆಮನೆಗೆ ಹೋಗಿ ಮುಷ್ಟಿ ಅಕ್ಕಿ ಎತ್ತುತ್ತಿದ್ದೆವು. ಅದನ್ನು ನಮ್ಮ ಬೀದಿಯ ಕೊನೆಯ ಕೋಣೆಯಲ್ಲಿ ಕೂಡಿಟ್ಟು ಶನಿವಾರ ಶನಿವಾರ ಇಲ್ಲದವರ ಮನೆಗಳಿಗೂ ಉಚಿತ ವಿದ್ಯಾರ್ಥಿನಿಲಯಕ್ಕೂ ಕೊಡುವುದು. ಈ ವರ್ಷ ಗಿರಿಜಾಂಬಾನವರಿಗೆ ಹೊಸ ಯೋಚನೆ ಬಂತು. ಬೆಲೆ ಬಿದ್ದಾಗ ರೈತರು ಕೊಯ್ಯದೆ ಬಿಡುವ ತರಕಾರಿಯನ್ನು ನಾವೇ ಹೋಗಿ ಕೊಯ್ದು ತರಬಾರದೇಕೆ ಎಂದರು. ಭಾನುವಾರಗಳಲ್ಲಿ ಒಂದು ಮೆಟಡೋರ್ ವ್ಯಾನಿನಲ್ಲಿ ಹತ್ತು ಹನ್ನೆರಡು ಹೆಂಗಸರು ಹೊರಟೆವು. ಒಂದು ವಾರ ಕೋಸು, ಇನ್ನೊಂದು ವಾರ ಮೂಲಂಗಿ. ಮಾರ್ಕೆಟ್ಟಿಗೆ ಸಾಗಿಸುವ ಖರ್ಚೂ ಹುಟ್ಟುವುದಿಲ್ಲವೆಂದು ಹೊಲದಲ್ಲೇ ಕೊಳೆಯುತ್ತಿದ್ದದ್ದು ಹುಡುಗರ ತಟ್ಟೆಗೆ ಬಂತು. ಅದು ಒಳ್ಳೆಯ ಕೆಲಸವೇ, ಈಗಲೂ ಹಾಗೆಂದೇ ಹೇಳುತ್ತೇನೆ.

ಮೂರನೆಯ ಭಾನುವಾರ ಹೊಸಕೋಟೆ ಆಚೆ ರಾಮಾಂಜಿನಪ್ಪ ಎನ್ನುವವರ ಹೊಲಕ್ಕೆ ಕರೆದುಕೊಂಡು ಹೋದರು. ಗಿರಿಜಾಂಬಾನವರ ಯಜಮಾನರು ಲಾಯರು ತಾನೇ, ಅವರ ಕಕ್ಷಿದಾರ ಈತ. ಕಡಲೆಕಾಯಿ ಕಿತ್ತು ಮುಗಿದಿತ್ತು. ಮಳೆ ಬೇಗ ನಿಂತು ನೆಲ ಬಿಗಿದುಕೊಂಡದ್ದರಿಂದ ಗಿಡ ಕೀಳುವಾಗ ಅರ್ಧಕ್ಕರ್ಧ ಕಾಯಿ ಮಣ್ಣಿನಲ್ಲೇ ಉಳಿದಿದ್ದವು. "ತಗೊಂಡೋಗಿ ಅಮ್ಮಾವ್ರೇ, ಹಂದಿ ಹೆಗ್ಗಣ ತಿನ್ನೋ ಬದ್ಲು ನಾಕು ಮಕ್ಳು ತಿನ್ಲಿ" ಎಂದು ಹೇಳಿ ಆತ ಹುಣಸೆಮರದ ಕೆಳಗೆ ಕೂತ.

ಹಂದಿ ಹೆಗ್ಗಣವಂತೆ! ಆ ಕಾಯಿ ಯಾರದ್ದು ಎಂದು ಆತನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಗೊತ್ತಿಲ್ಲದಿದ್ದದ್ದು ಪಾಪ ಜೊತೆಗೆ ಬಂದ ಹೆಂಗಸರಿಗೆ ಮಾತ್ರ.

ಗೌತಮಿ, ಒಡೆಯರು ಬೆಳೆ ಎತ್ತಿಕೊಂಡ ಮೇಲೆ ಹೊಲದಲ್ಲಿ ಉಳಿಯುವುದಕ್ಕೆ ಹಕ್ಕಲು ಎನ್ನುತ್ತಾರೆ. ಅದು ಹೊಲವಿಲ್ಲದವರ ಪಾಲು. ಕೇಳುವಂತಿಲ್ಲ, ಕೊಡುವಂತಿಲ್ಲ, ಹೋಗಿ ಆಯ್ದುಕೊಳ್ಳುವುದು. ನಿನ್ನ ಅಜ್ಜಿ ಬೈರಮ್ಮ ವರ್ಷ ವರ್ಷವೂ ಆಯುತ್ತಿದ್ದರು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನಾನೂ ಆಯುತ್ತಿದ್ದೆ. ಮೊಂಡು ಕುಡುಗೋಲಿನಿಂದ ನೆಲ ಕೆದಕಿ ಸಂಜೆವರೆಗೆ ಆಯ್ದರೆ ಎರಡು ಸೇರು ಕಾಯಿ ಸಿಗುತ್ತಿತ್ತು. ನನ್ನ ಹಬ್ಬದ ಲಂಗ, ನಾನು ಓದಿದ ಬುಡ್ಡಿಯ ಎಣ್ಣೆ, ಚಳಿಗಾಲದಲ್ಲಿ ಹೊಟ್ಟೆಗೆ ಹಾಕಿಕೊಂಡದ್ದು, ಎಲ್ಲವೂ ಅದರದ್ದೇ. "ನಾವು ಬೇಸಾಯದವರು" ಎಂದು ನಿನಗೆ ಹೇಳಿಕೊಂಡು ಬಂದಿದ್ದೇನಲ್ಲ, ಅದು ಸುಳ್ಳು. ನಮಗೆ ಒಂದು ಗುಂಟೆ ನೆಲವೂ ಇರಲಿಲ್ಲ. ಸಮಾಜದ ಹೆಂಗಸರಿಗೂ ಅದೇ ಸುಳ್ಳನ್ನು ಹೇಳಿದ್ದೆ. ನಾವು ಯಾವ ಜನ ಎಂದು ಅವರು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ.

ಅವತ್ತು ಸುಮ್ಮನೆ ಒಂದು ಮೂಲೆಯಲ್ಲಿ ಇರಬಹುದಿತ್ತು. ಇರಲಿಲ್ಲ ನೋಡು. ಕೈಗೆ ಕುಡುಗೋಲು ಬಂದಿದ್ದೇ ತಡ, ಇಪ್ಪತ್ತೈದು ವರ್ಷದ ಹಿಂದಿನ ಕೈ ಎದ್ದು ಕೂತಿತು. ಉಳಿದವರು ಒಂದು ಹಿಡಿ ಆಯುವಷ್ಟರಲ್ಲಿ ನಾನು ಒಂದು ಮೊರ ಆಯ್ದಿದ್ದೆ. "ಅಲ್ಲ ಪಾರ್ವತಿ, ಮಣ್ಣೊಳಗೆ ಎಲ್ಲಿದೆ ಅಂತ ನಿನಗೆ ಹೇಗೇ ಗೊತ್ತಾಗತ್ತೆ?" ಎಂದು ಗಿರಿಜಾಂಬಾನವರು ಬೆರಗಾದರು. ನಾನು ಉಬ್ಬಿಹೋದೆ.

ಸುಮಾರು ಹತ್ತು ಗಂಟೆಗೆ ಮೂವರು ಹೆಂಗಸರು ಬದುವಿನ ಮೇಲೆ ಬಂದು ನಿಂತರು. ಇಬ್ಬರು ಹುಡುಗಿಯರು, ಒಬ್ಬಳು ವಯಸ್ಸಾದವಳು. ಹಿರಿಯಳು ಮಾತಾಡಿದಳು. ಆ ಕಡೆ ನಮ್ಮ ಜನ ಮನೆಯಲ್ಲಿ ಆಡುವುದು ತೆಲುಗು. ಅವಳು ಕೇಳಿದ್ದಿಷ್ಟು: "ಅಮ್ಮಾ, ಇದು ನಮ್ಮ ಹಕ್ಕಲು. ಸಾಹುಕಾರರು ಹೊಲ ಬಿಟ್ಟು ಮೂರು ದಿನವಾಯಿತು. ಅರ್ಧ ಆಯ್ದಿದ್ದೇವೆ, ಈ ಅರ್ಧವನ್ನಾದರೂ ನಮಗೆ ಬಿಡಿ. ಮನೆಯಲ್ಲಿ ಮಕ್ಕಳಿವೆ."

ಗಿರಿಜಾಂಬಾನವರಿಗೆ ತೆಲುಗು ಬಾರದು. ನನಗೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು, ಆಫೀಸಿನಲ್ಲಿ ಕಲಿತೆ ಎಂದಿದ್ದೆ. "ಏನಂತೆ ಪಾರ್ವತಿ ಇವರಿಗೆ?" ಎಂದು ನನ್ನ ಕಡೆ ತಿರುಗಿದರು.

ನಿಜ ಹೇಳಿದ್ದರೆ, ಹಕ್ಕಲು ಅಂದರೇನು ಎಂದು ಕೇಳುತ್ತಾರೆ. ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳುತ್ತಾರೆ. ಈಗಷ್ಟೇ ಹೊಗಳಿದ ನನ್ನ ಕೈಯನ್ನು ನೋಡುತ್ತಾರೆ. ಇಷ್ಟೆಲ್ಲ ಲೆಕ್ಕ ನನ್ನ ತಲೆಯಲ್ಲಿ ಒಂದು ಗಳಿಗೆಯಲ್ಲಿ ಓಡಿತು.

"ಕೂಲಿ ಕೆಲಸ ಇದೆಯಾ ಅಂತ ಕೇಳ್ತಿದಾರಮ್ಮ" ಎಂದೆ.

"ಅಯ್ಯೋ ಪಾಪ. ನಾವು ಸೇವೆಗೆ ಬಂದೋರು, ಕೂಲಿ ಕೊಡೋ ಹಾಗಿಲ್ಲ ಅಂತ ಹೇಳಿಬಿಡು. ಬೇಜಾರು ಮಾಡ್ಕೋಬೇಡಿ ಅಂತಾನೂ ಹೇಳು" ಎಂದರು.

ನಾನು ಬದುವಿನ ಕಡೆ ತಿರುಗಿ ತೆಲುಗಿನಲ್ಲಿ, "ಸಾಹುಕಾರರು ಇದನ್ನು ಇವರಿಗೆ ಕೊಟ್ಟಿದ್ದಾರೆ. ಇಲ್ಲಿ ನಿಲ್ಲಬೇಡಿ, ಹೋಗಿ" ಎಂದೆ. ಬೇಜಾರು ಮಾಡಿಕೊಳ್ಳಬೇಡಿ ಎನ್ನುವ ಮಾತನ್ನೂ ನುಂಗಿಬಿಟ್ಟೆ.

ಅವರು ಹೋದರು. ನಾವು ಐದು ಚೀಲ ತುಂಬಿಸಿಕೊಂಡು ಊರಿಗೆ ಬಂದೆವು. ಕೋಣೆಯ ಮುಂದೆ ಪೇಪರಿನವರು ಕಾಯುತ್ತಿದ್ದರು. "ನೀವೂ ಬನ್ನಿಮ್ಮಾ, ಚೀಲ ಹಿಡ್ಕೊಳ್ಳಿ, ಸ್ವಲ್ಪ ನಗ್ರೀ" ಎಂದರು, ನಕ್ಕೆ. ವಿದ್ಯಾರ್ಥಿನಿಲಯದಲ್ಲಿ ಹಂಡೆ ತುಂಬ ಬೇಯಿಸಿದರು. ನನಗೂ ಒಂದು ಪೊಟ್ಟಣ ಕಳಿಸಿದ್ದರು. ಒಂದು ಬಿಡಿಸಿ ಬಾಯಿಗೆ ಹಾಕಿಕೊಂಡವಳು ಉಳಿದದ್ದನ್ನು ನಿಮ್ಮಪ್ಪನ ತಟ್ಟೆಗೆ ಸುರಿದೆ. "ಏನೇ, ಕಡಲೆಕಾಯಿ ಅಂದ್ರೆ ಪ್ರಾಣ ಬಿಡ್ತಿದ್ದೋಳು?" ಎಂದು ನಿಮ್ಮಪ್ಪ ಕೇಳಿದರು. ಪಿತ್ತ ಎಂದೆ. ಸುಳ್ಳು ಒಂದು ಸಲ ನಾಲಿಗೆಗೆ ಹತ್ತಿತೆಂದರೆ ಅಷ್ಟೇ.

ಆಮೇಲೆ ನಿನ್ನ ಕಾಗದ ಬಂತು. ಹೆಮ್ಮೆ ಎಂದು ನೀನು ಬರೆದಿದ್ದೆ. ನಿಮ್ಮಪ್ಪ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಎರಡನೆಯ ಸಲ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಈಚೆ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು, ಅವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ಬೈಯಲಿಲ್ಲ. "ನಮ್ಮಮ್ಮಾನೂ ಆಯ್ತಿದ್ದೋಳೇ ಕಣೆ" ಎಂದಷ್ಟೇ ಹೇಳಿ ಕನ್ನಡಕ ಒರೆಸುತ್ತ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಳೆ ಭಾನುವಾರ ರಾಮಾಂಜಿನಪ್ಪನ ಅಣ್ಣನ ಹೊಲಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಅದೂ ಕಡಲೆಕಾಯಿಯೇ, ಪಾಪ ಆ ಹೆಂಗಸರ ಪಾಲಿಗೆ ಉಳಿದಿದ್ದದ್ದೂ ಅದೊಂದೇ ಇರಬೇಕು. ಮೊನ್ನೆ ಗುರುವಾರ ಆಫೀಸಿನಿಂದ ಸೀದಾ ಬಸವನಗುಡಿಗೆ ನಡೆದೆ. ಗಿರಿಜಾಂಬಾನವರು ಹೂ ಕಟ್ಟುತ್ತ ಕೂತಿದ್ದರು. ಕೂರು ಎಂದರು, ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಆ ಹೆಂಗಸು ಕೇಳಿದ್ದು ಕೂಲಿಯನ್ನಲ್ಲ ಎಂದೆ, ಹಕ್ಕಲು ಅಂದರೆ ಇದು ಎಂದೆ, ನಾನೂ ಆಯ್ದವಳೇ ಎಂದೆ. ನಾವು ಯಾವ ಜನ ಎನ್ನುವುದನ್ನೂ ಹೇಳಿಬಿಟ್ಟೆ.

ಅವರ ಕೈಯಲ್ಲಿ ದಾರ ಹಾಗೇ ನಿಂತಿತು. "ಅವತ್ತೇ ಒಂದು ಮಾತು ಅಂದಿದ್ರೆ ವ್ಯಾನ್ ತಿರುಗಿಸ್ಕೊಂಡು ಬಂದ್ಬಿಡ್ತಿದ್ವಲ್ಲೇ! ನನ್ನ ಏನು ಅಂದ್ಕೊಂಡಿದ್ದೆ ನೀನು?" ಎಂದರು. ಅವರ ಕಣ್ಣು ತುಂಬಿತ್ತು, ಸಿಟ್ಟೂ ಇತ್ತು. ಇಷ್ಟು ದಿನ ಅವರ ಭಯಕ್ಕೆ ಸುಳ್ಳು ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದೂ ಕೈ ಬಿಟ್ಟಿತು.

ಒಳಗೆ ಹೋಗಿ ಕಾಫಿ ತಂದರು. ನಾನು ಮೊದಲು ನೋಡಿದ್ದು ಲೋಟವನ್ನು. ಯಾವಾಗಲೂ ಕೊಡುವ ಲೋಟವೇ. ನೋಡಿದ್ದಕ್ಕೆ ಎಷ್ಟು ನಾಚಿಕೆಯಾಯಿತೆಂದರೆ ಬಿಸಿ ಬಿಸಿಯಾಗಿಯೇ ಕುಡಿದು ನಾಲಿಗೆ ಸುಟ್ಟುಕೊಂಡೆ.

ನಾಳೆಯ ಕೆಲಸವನ್ನು ನಿಲ್ಲಿಸಿದ್ದಾರೆ. ಇನ್ನು ಮೇಲೆ ಯಾವ ಹೊಲಕ್ಕೆ ಹೋಗುವುದಾದರೂ ಅಲ್ಲಿ ಆಯುವವರಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು ಎಂದರು. ಕೋಣೆಯಲ್ಲಿ ಇನ್ನೂ ಒಂದೂವರೆ ಚೀಲ ಉಳಿದಿದೆ. ಅದನ್ನು ತೆಗೆದುಕೊಂಡು ನಾಳೆ ಬೆಳಿಗ್ಗೆ ನಾವಿಬ್ಬರೇ ಆ ಹೆಂಗಸರ ಮನೆಗಳಿಗೆ ಹೋಗುತ್ತೇವೆ. "ತಪ್ಪಾಯ್ತು ಅಂತ ನಾನು ಕನ್ನಡದಲ್ಲಿ ಹೇಳ್ತೀನಿ, ನೀನು ತೆಲುಗಲ್ಲಿ ಹೇಳು. ಈ ಸಲ ನಾನು ಅಂದಿದ್ದನ್ನೇ ಹೇಳಬೇಕು" ಎಂದರು. ನಗಿಸಲು ಹೇಳಿದರೋ ಚುಚ್ಚಲು ಹೇಳಿದರೋ ತಿಳಿಯಲಿಲ್ಲ. ಎರಡಕ್ಕೂ ನಾನು ತಕ್ಕವಳೇ.

ನೀನು ಟೀಚರಾಗುವವಳು. ನಾಳೆ ನಿನ್ನ ಕ್ಲಾಸಿನಲ್ಲಿ ಯಾವುದಾದರೂ ಹುಡುಗಿ ಅಪ್ಪ ಅಮ್ಮನ ಕೆಲಸ ಹೇಳಲು ತಡವರಿಸಿದರೆ ಅವಳನ್ನು ಗದರಬೇಡ ಮಗಳೇ. ನಿನ್ನ ಮನೆಯನ್ನು ಮುಚ್ಚಿಟ್ಟು ನಿನ್ನನ್ನು ಬೆಳೆಸಿದ್ದಕ್ಕೆ ನನ್ನನ್ನು ಕ್ಷಮಿಸು. ಹೊತ್ತು ಹೊತ್ತಿಗೆ ಊಟ ಮಾಡು, ಮೈಸೂರಿನ ಚಳಿಗೆ ಸ್ವೆಟರ್ ಇಲ್ಲದೆ ಹೊರಗೆ ಹೋಗಬೇಡ. ನೂರು ವರ್ಷ ಸುಖವಾಗಿ ಬಾಳು. ನಿಮ್ಮಪ್ಪನ ಆಶೀರ್ವಾದವೂ ಇದರಲ್ಲಿದೆ.

ಇಂತಿ ನಿನ್ನ ತಪ್ಪಿತಸ್ಥ ಅಮ್ಮ,
ಪಾರ್ವತಮ್ಮ

ಮ.ವಿ.: ಇದನ್ನು ಗಿರಿಜಾಂಬಾನವರಿಗೆ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಬದುವಿನ ಮೇಲೆ ಮಾತಾಡಿದ ಆ ಹಿರಿಯಳು ಹನುಮಕ್ಕ, ನನ್ನ ಸ್ವಂತ ದೊಡ್ಡಮ್ಮನ ಮಗಳು. ನನ್ನನ್ನು ಕಂಕುಳಲ್ಲಿ ಎತ್ತಿ ಆಡಿಸಿದವಳು. ನಿನ್ನ ಅಜ್ಜಿ ತೀರಿಕೊಂಡ ಮೇಲೆ ಹನ್ನೊಂದು ವರ್ಷ ನಾನು ಆ ಕಡೆ ತಲೆ ಹಾಕಿಲ್ಲ, ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ಅವಳಿಗೂ ಸಿಕ್ಕಿತ್ತು. ನಾನು ಹೋಗಿ ಎಂದ ಮೇಲೆ ರಾಮಾಂಜಿನಪ್ಪ ಮರದ ಕೆಳಗಿಂದ ತೆಲುಗಿನಲ್ಲೇ, "ಏನ್ ಹನುಮಕ್ಕ, ಈಯಮ್ಮ ತೆಲುಗು ನಿಮ್ಮಂಗೇ ಆಡ್ತಾರೆ, ನಿಮ್ ಕಡೆಯೋರಾ?" ಎಂದು ಕೇಳಿದ. ಅವಳು ನನ್ನನ್ನು ನೋಡಿದಳು. "ಇಲ್ಲ ಸಾಮಿ, ಯಾರೋ ದೊಡ್ಡೋರ ಮನೆಯಮ್ಮ. ನಾ ಕಂಡೋಳಲ್ಲ" ಎಂದಳು. ಆಮೇಲೆ ಬದು ಇಳಿದು ನನ್ನ ಹತ್ತಿರ ಬಂದಳು. ಬೆಳಿಗ್ಗೆಯಿಂದ ಆಚೆ ಬದಿಯಲ್ಲಿ ಆಯ್ದ ಕಾಯಿ ಅವಳ ಮಡಿಲಲ್ಲಿತ್ತು. "ಎಲ್ಲಾ ನಿಮ್ಗೇ ಕೊಟ್ಟವ್ರೆ ಅಂದ್ಮ್ಯಾಲೆ ಇದೂ ನಿಮ್ದೇ" ಎಂದು ಮಡಿಲು ಬಿಚ್ಚಿದಳು. ಬೇಡ ಅಕ್ಕ ಎನ್ನಬೇಕಿತ್ತು. ನಾನು ಎರಡೂ ಕೈಯಿಂದ ಚೀಲದ ಬಾಯಿ ಅಗಲಿಸಿ ಹಿಡಿದೆ. ಅವಳು ಸುರಿದಳು.