ಅಡುಗೆಮನೆಯ ದನಿ

ಪ್ರೀತಿಯ ಅಕ್ಕನಿಗೆ,

ಅಮ್ಮ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಳೆ, ಗಾಬರಿಯಾಗಬೇಡ. ನನಗೆ ಜ್ವರವಿಲ್ಲ. ಆದರೂ ಕ್ವಾರಂಟೈನ್ ಮುಗಿಯುವವರೆಗೆ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ.

ಸೋಂಕಿನಿಂದಾಗಿ ನಾನು ಕೆಲಸಕ್ಕಿದ್ದ ಸೆಲೂನು ಮುಚ್ಚಿ ನಾನು ಇಲ್ಲಿಗೆ ಬಂದ ದಿನವೇ ಅಮ್ಮ ನಿನ್ನ ಹಳೆಯ ನೈಟಿಗಳನ್ನು ಹೊರತೆಗೆದು ನನಗೆ ಕೊಟ್ಟಳು. "ಹೊರಗೆ ನೀನು ಏನಾದ್ರೂ ಆಗಿರು, ಈ ಮನೇಲಿ ನನ್ನ ಮಗಳೇ" ಎಂದಳು. ಬೆಳಗಿನಿಂದ ರಾತ್ರಿಯವರೆಗೂ ನಾನು ಬಿಟ್ಟಿದ್ದ ಆ ಹಳೆಯ ಹುಡುಗಿ ಹೆಸರು ಹಿಡಿದೇ ಕೂಗುತ್ತಿದ್ದಳು. ನನಗೆ ಹೋಗಲು ಬೇರೆ ಜಾಗವಿರಲಿಲ್ಲ, ಓಗೊಡುತ್ತಾ ಬಂದೆ.

ಈಗ ಮನೆಯಲ್ಲಿ ನಾನೊಬ್ಬನೇ. ಆದರೂ ಅಡುಗೆಮನೆಯಿಂದ ಅಮ್ಮನ ದನಿ ಅದೇ ಹೆಸರು ಕರೆಯುತ್ತದೆ. ನಿನ್ನೆ "ಬಂದೆ" ಎಂದು ಎದ್ದೇ ಹೋದೆ. ಒಲೆ ತಣ್ಣಗಿತ್ತು. ಕಿಟಕಿಯ ಗಾಜಿನಲ್ಲಿ ಕೂದಲು ಬೆಳೆದ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ಕೂದಲು ಕತ್ತರಿಸಿಕೊಳ್ಳಲು ಕೂತರೆ ಕತ್ತರಿ ಹಿಡಿದ ಕೈ ನನ್ನ ಮೈಯ ಕಡೆಗೇ ತಿರುಗತೊಡಗಿತು. ಹೆದರಿ, ಕತ್ತರಿಯನ್ನು ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಅಜ್ಜಿಗೆ ಕೊಟ್ಟುಬಿಟ್ಟೆ.

ಆಮೇಲೆ ಸಹಾಯವಾಣಿಗೆ ಫೋನ್ ಮಾಡಿದೆ. ಡಾಕ್ಟರಮ್ಮ, "ನಿಮ್ಮನ್ನ ಏನಂತ ಕರೀಲಿ?" ಎಂದರು. ನನ್ನ ಹೆಸರು ನನ್ನ ಬಾಯಿಗೇ ಬರಲಿಲ್ಲ, ಅಕ್ಕಾ. ಅವರು, "ನಿಮಗೆ ಬೇಕಾದ ಹಾಗೆ ಕರೆಯೋರು ಯಾರಾದ್ರೂ ಇದಾರಾ?" ಎಂದು ಕೇಳಿದರು. ಅಕ್ಕ ಇದ್ದಾಳೆ, ಆದರೆ ಭಾವನಿಗೆ ಕೇಳಿಸದ ಹಾಗೆ ಪಿಸುದನಿಯಲ್ಲಿ ಕರೆಯುತ್ತಾಳೆ ಎಂದೆ.

ಭಾನುವಾರ ಬಾ. ಒಳಗೆ ಬರಬೇಡ, ನಿನ್ನ ಮನೆಯಲ್ಲಿ ಮಕ್ಕಳಿದ್ದಾರೆ. ಗೇಟಿನ ಹೊರಗೇ ನಿಂತು, ಬೀದಿಗೆಲ್ಲ ಕೇಳಿಸುವಂತೆ, "ತಮ್ಮಾ" ಎಂದು ಕೂಗು. ನಾನು ತಕ್ಷಣ ಓಗೊಡದಿದ್ದರೆ ಹೊರಟುಬಿಡಬೇಡ. ನಾನು ಬಾಗಿಲಿಗೆ ಬರುವವರೆಗೂ ಕೂಗುತ್ತಲೇ ಇರು.

ನಿನ್ನ ದಾರಿ ಕಾಯುತ್ತಿರುವ,
ತಮ್ಮ