ನೀಲಿ ಸ್ವೆಟರ್

ಹಾಸ್ಟೆಲ್, ರೂಮ್ ನಂಬರ್ ಹದಿನಾಲ್ಕು
ನವೆಂಬರ್ ೯, ಭಾನುವಾರ

ಪ್ರೀತಿಯ ಅಮ್ಮ,

ಹೇಗಿದ್ದೀಯ? ಶಿಬಿರಕ್ಕೆ ನೀರಿನ ಲಾರಿ ಈಗ ಸರಿಯಾಗಿ ಬರುತ್ತಿದೆಯಾ? ಪತ್ರ ತಡವಾಯಿತು, ಸಾರಿ. ಇಂಟರ್ನಲ್ಸ್ ಇತ್ತು ಅಂತ ಬರೆಯಬಹುದು, ಆದರೆ ಅದು ಮುಗಿದು ವಾರವಾಯಿತು. ಪೆನ್ ಹಿಡಿದು ಕೂತರೆ ತಲೆ ಪೂರ್ತಿ ಖಾಲಿ. ಫೋನಿನಲ್ಲೇ ಹೇಳೋಣವೆಂದರೆ, ಅಲ್ಲಿ ಸಿಗ್ನಲ್ ಸಿಗುವಷ್ಟರಲ್ಲಿ ಇಲ್ಲಿ ನನ್ನ ಧೈರ್ಯ ಕಟ್ ಆಗಿರುತ್ತದೆ.

ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ. ನಿದ್ದೆಯೂ ಬರುತ್ತದೆ, ಕ್ಲಾಸಿನಲ್ಲಿ ಜಾಸ್ತಿ. ರೂಮ್‌ಮೇಟ್, ಅದೇ ನಾವು 'ಲೌಡ್‌ಸ್ಪೀಕರ್' ಅಂತ ಕರೆಯುವವಳು, ಹಾಗೇ ಇದ್ದಾಳೆ. ಓದುವುದನ್ನೂ ಕೂಗಿಯೇ ಓದುತ್ತಾಳೆ. ಅವಳ ಕೆಮಿಸ್ಟ್ರಿಯೆಲ್ಲ ನನಗೆ ಬಾಯಿಪಾಠ, ನನ್ನ ಎಕನಾಮಿಕ್ಸ್ ಮಾತ್ರ ತಲೆಗೆ ಹತ್ತುವುದಿಲ್ಲ.

ಹೋದ ವಾರ ಮನೆಯವರ ಕೆಲಸದ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ನಿನ್ನ ಬಗ್ಗೆ ಹೇಳಿದೆ. ಯುದ್ಧದಲ್ಲಿ ಮನೆಯವರಿಂದ ತಪ್ಪಿಹೋದ ಮಕ್ಕಳನ್ನು ಅವರವರ ಅಮ್ಮಂದಿರ ಕೈಗೆ ಒಪ್ಪಿಸುವ ಸಂಸ್ಥೆ, ಹತ್ತಾರು ದೇಶದವರು ಸೇರಿ ನಡೆಸುವುದು ಅಂದೆ. ಯಾರೋ ಒಬ್ಬಾಕೆ ಕೆಂಪು ಫ್ರಾಕ್ ನೋಡಿ ಬೇರೆಯವರ ಮಗುವನ್ನು ಎತ್ತಿಕೊಂಡಾಗ ನೀನು ತಡೆದದ್ದನ್ನೂ ಹೇಳಿದೆ. ಹೊಸದಾಗಿ ಸೇರಿದವರಿಗೆ ನೀನು ಕೊಡುವ ಮೊದಲ ಪಾಠವನ್ನು ನಿನ್ನ ಹಾಗೇ ಹೇಳಿ ತೋರಿಸಿದೆ: "ಬಟ್ಟೆ ನೋಡಿ ಮಗು ಒಪ್ಪಿಸ್ಬೇಡಿ. ಇಲ್ಲಿ ಬಟ್ಟೆ ಇವತ್ತು ಇವಳ ಮೈಮೇಲಿರುತ್ತೆ, ನಾಳೆ ಅವಳ ಮೈಮೇಲೆ. ಮಚ್ಚೆ ಎಲ್ಲಿದೆ ಕೇಳಿ, ಮನೇಲಿ ಏನಂತ ಕರೀತಿದ್ರು ಕೇಳಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ, "ಎಂಥಾ ಅಮ್ಮ ಕಣೇ ನಿಂಗೆ, ಪುಣ್ಯ ಮಾಡಿದೀಯ" ಅಂದರು. ಥ್ಯಾಂಕ್ಸ್ ಹೇಳಿ ಕೂತೆ. ಖುಷಿ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಹಾಗಿತ್ತು. ಇನ್ನೂ ಹಾಗೇ ಇದೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. "ಕಾಂಟ್ರಾಕ್ಟ್ ಇನ್ನೆರಡು ವರ್ಷ ಮುಂದುವರಿಸ್ಲಾ, ಬಿಟ್ಟು ಬಂದ್ಬಿಡ್ಲಾ? ನೀನು ಹೇಳಿದ ಹಾಗೆ ಮಾಡ್ತೀನಿ" ಅಂದಿದ್ದೆ. ಮುಂದುವರಿಸು. ಒಂದನೇ ಕ್ಲಾಸಿನಿಂದ ಹಾಸ್ಟೆಲ್ಲೇ, ನನಗೆ ಅಭ್ಯಾಸವಾಗಿದೆ. ಅಲ್ಲಿನ ಮಕ್ಕಳಿಗೆ ನೀನು ಬೇಕು.

ಹುಷಾರಾಗಿರು. ಕಾಯಿಸಿದ ನೀರೇ ಕುಡಿ. ನೀನು ಹುಡುಕುತ್ತಿರುವವರೆಲ್ಲ ಬೇಗ ಸಿಗಲಿ.

ನಿನ್ನ
ಗುಬ್ಬಿ

ತಾ.ಕ.: ಹೋದ ತಿಂಗಳು ನೀನು ಮೂರು ವರ್ಷದ ಮೇಲೆ ರಜೆಯಲ್ಲಿ ಬಂದೆಯಲ್ಲ, ಆಗ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನೀನು ಕಳಿಸಿದ್ದ ನೀಲಿ ಸ್ವೆಟರನ್ನು ಲೌಡ್‌ಸ್ಪೀಕರ್ ಹಾಕಿಕೊಂಡಿದ್ದಳು. ಹಾಸ್ಟೆಲಿನಲ್ಲಿ ಯಾರ ಬಟ್ಟೆ ಯಾರು ಬೇಕಾದರೂ ಹಾಕಿಕೊಳ್ಳುತ್ತೇವೆ. ನೀನು ಅವಳನ್ನು ತಬ್ಬಿಕೊಂಡು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಎಷ್ಟು ಎತ್ತರ ಆಗ್ಬಿಟ್ಟಿದೀಯೇ ಗುಬ್ಬಿ" ಅಂದೆ. ಅವಳ ಗಂಟಲು ನಿನಗೆ ಗೊತ್ತಲ್ಲ. "ಆಂಟಿ, ನಾನಲ್ಲ" ಅಂದದ್ದು ಮೆಟ್ಟಿಲವರೆಗೂ ಕೇಳಿಸಿತು. ನಾನು ಮತ್ತೆ ಮೇಲೆ ಹೋಗಿ, ಆಗಷ್ಟೇ ಇಳಿದವಳ ಹಾಗೆ ಇಳಿದು ಬಂದೆ. ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದುವರಿಸು ಅಂತ ಮೇಲೆ ಬರೆದಿದ್ದೇನಲ್ಲ, ಅದನ್ನು ಬಿಡು. ಬಾ. ನೀನು ಯಾವತ್ತೂ ನೋಡಿರದ ಬಟ್ಟೆ ಹಾಕಿಕೊಂಡು ಗೇಟಿನ ಹತ್ತಿರ ಎಲ್ಲರ ಮಧ್ಯೆ ನಿಂತಿರುತ್ತೇನೆ. ನಾನಾಗಿ ಕೈ ಎತ್ತುವುದಿಲ್ಲ.