ಸ್ಟೆಪ್ನಿ ಮುಟ್ಟಿ ನೋಡಿದ ಮಗಳು

ಮಗಳ ಅಮ್ಮನಿಗೆ,

ಹೆಂಡತಿ ಎನ್ನುವ ಹಕ್ಕನ್ನು ಕೋರ್ಟು ಕಿತ್ತುಕೊಂಡಿದ್ದರಿಂದ ಹೀಗೆ ಕರೆದಿದ್ದೇನೆ. ಇದನ್ನು ಕಳಿಸುವುದಿಲ್ಲ, ಕಳಿಸಿದರೂ ನೀನು ಓದುವವಳಲ್ಲ.

ಮಗಳು ನಾಳೆ ತನ್ನ ಹಳೇ ಕಾರಿನಲ್ಲಿ ದೂರದೂರಿನ ಕೆಲಸಕ್ಕೆ ಹೊರಡುತ್ತಾಳಲ್ಲ, ದಾರಿಯಲ್ಲಿ ಕೆಟ್ಟು ನಿಂತರೆ ಇರಲೆಂದು ಟಾರ್ಚು, ಜಾಕು, ಎಳೆಯುವ ಹಗ್ಗ ಎಲ್ಲ ಒಂದು ಚೀಲಕ್ಕೆ ತುಂಬಿ ಒಯ್ದೆ. ಡಿಕ್ಕಿಯಲ್ಲಿಟ್ಟು, "ಜಾಕಿದ್ದ ಮೇಲೆ ಶಾಕ್ ಯಾಕಮ್ಮ?" ಎಂದೆ. ಅವಳು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, ಹಾಸು ಎತ್ತಿ, ಸ್ಟೆಪ್ನಿ ಇದೆಯಾ ಎಂದು ಮುಟ್ಟಿ ನೋಡಿದಳು.

ನನಗೆ ಉರಿದುಹೋಯಿತು. ಹದಿನೈದು ವರ್ಷದ ಹಿಂದೆ, ನನ್ನ ಪದ್ಯದ ಪುಸ್ತಕದ ಕಟ್ಟುಗಳಿಗೆ ಜಾಗ ಸಾಲದೆ ನಮ್ಮ ಕಾರಿನ ಸ್ಟೆಪ್ನಿ ತೆಗೆದಿಟ್ಟವನು ನಿನಗೆ ಹೇಳಲು ಮರೆತೆ. ಜ್ವರದ ಮಗುವಿನೊಂದಿಗೆ ಹೆದ್ದಾರಿಯ ಬಿಸಿಲಲ್ಲಿ ಪಂಚರ್ ಆಗಿ ನಿಂತ ನೀನು ಫೋನ್ ಮಾಡಿದರೆ, "ಗಾಡಿ ಕೆಟ್ಟರೆ ಕೆಡಲಿ, ಮೂಡು ಕೆಡದಿರಲಿ" ಎಂದು ಹಾಡಿದೆ. ಪ್ರಾಸವೇನೋ ಚೆನ್ನಾಗಿತ್ತು. ಅದನ್ನೇ ನೀನು ಇಷ್ಟು ವರ್ಷ ಮಗಳ ಕಿವಿಗೆ ಊದಿದ್ದೀಯ ಎಂದುಕೊಂಡೆ.

"ನಿಮ್ಮಮ್ಮ ಇನ್ನೂ ಅದನ್ನೇ ಹೇಳ್ಕೊಂಡು ಕೂತಿದ್ದಾಳಾ?" ಎಂದೆ.

"ಅಮ್ಮ ಇವತ್ತಿನವರೆಗೂ ಒಂದು ಮಾತು ಹೇಳಿಲ್ಲಪ್ಪ," ಎಂದು ಡಿಕ್ಕಿ ಮುಚ್ಚಿದಳು. "ಫೋನು ಸ್ಪೀಕರಲ್ಲಿತ್ತು. ನಾನು ಅವಳ ತೊಡೆ ಮೇಲಿದ್ದೆ."